ಅಂಚು ತಿರುವಿ ನೋಡುವವರು

ಜೂನ್ 5, ಗುರುವಾರ

ಇದನ್ನು ಯಾರಿಗೂ ಹೇಳುವಂತಿಲ್ಲ. ಹೇಳದೆ ಹೊಟ್ಟೆಯಲ್ಲಿಟ್ಟುಕೊಳ್ಳಲೂ ಆಗದು. ಅದಕ್ಕೇ ಹಳೆಯ ಅಳತೆ ಪುಸ್ತಕದ ಹಿಂದಿನ ಖಾಲಿ ಹಾಳೆಗಳಲ್ಲಿ ಬರೆದಿಡುತ್ತಿದ್ದೇನೆ. ಈ ಪುಸ್ತಕವನ್ನು ಅಂಗಡಿಯಲ್ಲಿ ನನ್ನ ಹೊರತು ಯಾರೂ ಮುಟ್ಟುವುದಿಲ್ಲ. ಮುಟ್ಟುವ ಧೈರ್ಯ ಯಾರಿಗೂ ಇಲ್ಲ.

ಮಧ್ಯಾಹ್ನ ಶಾಲೆಯ ಕೋಟುಗಳಿಗೆ ಕಾಲರ್ ಕತ್ತರಿಸಲು ಮಾದರಿ ಕಾಗದ ಹುಡುಕುತ್ತಿದ್ದೆ. ಸೊಸೆ ಊಟಕ್ಕೆ ಮಹಡಿಗೆ ಹೋಗಿದ್ದಳು. ಅವಳ ಮಷೀನಿನ ಪಕ್ಕದ ಕಂತೆಯಲ್ಲಿ ಕಾಲರಿನ ಮಾದರಿ ಸಿಕ್ಕಿತು. ಏನನ್ನೇ ಕೈಗೆತ್ತಿಕೊಂಡರೂ ತಿರುವಿ ನೋಡುವುದು ನನ್ನ ನಲವತ್ತು ವರ್ಷದ ಅಭ್ಯಾಸ. ಬಟ್ಟೆಯ ಮೇಲುಮಗ್ಗುಲು ಯಾರಿಗೆ ಬೇಕಾದರೂ ಹೊಳೆಯುತ್ತದೆ. ಹೊಲಿದವರ ಯೋಗ್ಯತೆ ತಿಳಿಯುವುದು ಒಳಮಗ್ಗುಲಲ್ಲಿ. ಕಾಗದವನ್ನೂ ಹಾಗೆಯೇ ತಿರುವಿದೆ. ಹಿಂದೆ ಸೊಸೆಯ ಕೈಬರಹ. ಪೆನ್ಸಿಲಿನ ಸಾಲುಗಳು ಕಾಲರಿನ ಆಕಾರಕ್ಕೆ ತಕ್ಕ ಹಾಗೆ ಬಾಗಿದ್ದವು.

ಕಥೆಯಂತೆ. ಒಬ್ಬ ಅತ್ತೆ, ಒಬ್ಬ ಸೊಸೆ, ಕೆಳಗೆ ಹೊಲಿಗೆ ಅಂಗಡಿ, ಮೇಲೆ ಮನೆ. ಅತ್ತೆಗೆ ಹೆಸರಿಟ್ಟಿಲ್ಲ. ಆದರೆ ಆಕೆ ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದಾರೆ, ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗಳಿಗೆ ಬುದ್ಧಿ ಹೇಳುತ್ತಾರೆ. ಈ ಬೀದಿಯಲ್ಲಿ ಅಂಥವರು ಇನ್ನೆಷ್ಟು ಜನ ಇದ್ದಾರೋ ನನಗೆ ತಿಳಿಯದು. ನಡುವೆ ಒಂದು ಸಾಲಿದೆ. ಒಂದಕ್ಷರವೂ ಬದಲಿಸದೆ ಇಲ್ಲಿ ಬರೆಯುತ್ತೇನೆ:

"ಹನ್ನೊಂದು ವರ್ಷದಲ್ಲಿ ನಾನು ಹೊಲಿದ ಒಂದು ಬಟ್ಟೆಗೂ ಅವರು ಚೆನ್ನಾಗಿದೆ ಅಂದಿಲ್ಲ, ನಾನು ಸತ್ತ ದಿನವೂ ನನ್ನ ಮೇಲೆ ಹೊದಿಸಿದ ಬಟ್ಟೆಯ ಅಂಚನ್ನು ತಿರುವಿ ನೋಡುತ್ತಾರೆ."

ಕಾಗದವನ್ನು ಇದ್ದಲ್ಲೇ ಇಟ್ಟೆ. ಕಾಲರ್ ಕತ್ತರಿಸಲಿಲ್ಲ.

ಸಂಜೆ ಮಗನನ್ನು ಕೇಳಿದೆ. "ನಿನ್ನ ಹೆಂಡತಿ ಶನಿವಾರ ಶನಿವಾರ ಲೈಬ್ರರಿಗೆ ಯಾಕೆ ಹೋಗ್ತಾಳೆ?"

"ಪುಸ್ತಕ ತರೋಕೆ."

"ನಾಲ್ಕು ತಿಂಗಳಿಂದ ಮೇಜಿನ ಮೇಲೆ ಒಂದೇ ಪುಸ್ತಕ ಇದೆ."

"ದಪ್ಪ ಪುಸ್ತಕ ಅಮ್ಮ."

ಅವನ ಮುಖವನ್ನೇ ನೋಡುತ್ತ ಕೂತೆ. ಚಿಕ್ಕಂದಿನಿಂದಲೂ ಬಾಯಿ ಬಿಡಲು ಇಷ್ಟು ಸಾಕು ಅವನಿಗೆ. "ಅಲ್ಲಿ ಬರೆಯೋದು ಕಲಿಸ್ತಾರಂತೆ" ಎಂದ.

"ಅವಳಿಗೆ ಬರೆಯೋಕೆ ಬರಲ್ವಾ?"

"ಅದಲ್ಲಮ್ಮ. ಕಥೆ ಬರೆಯೋದು. ಇಲ್ಲದ್ದನ್ನ ಇದ್ದ ಹಾಗೆ ಹೇಳೋದು."

"ಅದಕ್ಕೆ ಕ್ಲಾಸು ಬೇಕಾ? ಪುಸ್ತಕ ತರೋಕೆ ಹೋಗ್ತೀನಿ ಅಂತ ನಾಲ್ಕು ತಿಂಗಳಿಂದ ಸಲೀಸಾಗೇ ಹೇಳ್ತಿದ್ದಾಳಲ್ಲ."

ಕಾಗದ ಓದಿದೆ ಎಂದು ಬಾಯಿ ಬಿಟ್ಟರೆ ಸೊಸೆಯ ಸಾಮಾನು ಕೆದಕುವ ಅತ್ತೆ ಎನ್ನಿಸಿಕೊಳ್ಳುತ್ತೇನೆ. ಬಾಯಿ ಬಿಡದಿದ್ದರೆ ಆ ಸಾಲು ಊರೆಲ್ಲ ಸುತ್ತುತ್ತದೆ. ಉಳಿದದ್ದು ಒಂದೇ ದಾರಿ. ಶನಿವಾರ ನಾನೂ ಆ ಕ್ಲಾಸಿಗೆ ಸೇರುತ್ತೇನೆ. ಅವಳು ಅದನ್ನು ಅಲ್ಲಿ ಹೊರಗೆ ತೆಗೆಯಲಿ. ಎಲ್ಲರೆದುರು ನ್ಯಾಯವಾಗಿ ಆಕ್ಷೇಪಣೆ ಮಾಡಿ ಆ ಸಾಲನ್ನು ತೆಗೆಸುತ್ತೇನೆ. ಬರೆಯಲು ನನಗೇನು ಬಾರದ್ದಲ್ಲ. ಹೈಸ್ಕೂಲಿನಲ್ಲಿ ಪ್ರಬಂಧಕ್ಕೆ ಎರಡನೆಯ ಬಹುಮಾನ ಬಂದಿತ್ತು. ಮೊದಲನೆಯದು ಹೆಡ್‌ಮಾಸ್ಟರ ಮಗಳಿಗೆ.

ಜೂನ್ 7, ಶನಿವಾರ

ಲೈಬ್ರರಿಯ ಮಹಡಿಯಲ್ಲಿ, ಹಳೆಯ ಪತ್ರಿಕೆಗಳನ್ನು ಕಟ್ಟಿಡುವ ಕೋಣೆ. ಉದ್ದನೆಯ ಮೇಜಿಗೆ ಒಂದು ಕಾಲು ಗಿಡ್ಡ. ಅದರಡಿ ನಿಘಂಟಿನ ಒಂದು ಸಂಪುಟ ಇಟ್ಟಿದ್ದಾರೆ. ಮಡಿಸುವ ಕುರ್ಚಿಗಳು. ಕೂತರೆ ಕಿರುಗುಟ್ಟುತ್ತವೆ, ಎದ್ದರೆ ಇನ್ನೂ ಹೆಚ್ಚು.

ನನ್ನನ್ನು ಕಂಡದ್ದೇ ಸೊಸೆ ಎದ್ದು ನಿಂತಳು. "ಅತ್ತೆ, ಅಂಗಡಿಯಲ್ಲಿ ಏನಾದ್ರೂ..."

"ಅಂಗಡಿ ಅಲ್ಲೇ ಇದೆ. ನಾನೂ ಬರೆಯೋಕೆ ಬಂದೆ."

"ನೀವಾ?"

"ಯಾಕೆ, ನನ್ನ ಅಳತೆಯ ಕುರ್ಚಿ ಇಲ್ವಾ?"

ಕಲಿಸುವವರು ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕರಡು ತಿದ್ದಿ ನಿವೃತ್ತರಾದವರು. ಎಲ್ಲರೂ ಮೇಷ್ಟ್ರು ಎನ್ನುತ್ತಾರೆ. ಕಿವಿಯ ಮೇಲೆ ಕೆಂಪು ಪೆನ್ಸಿಲು. "ಏನು ಬರೀಬೇಕು ಅಂತಿದ್ದೀರಮ್ಮ?" ಎಂದರು.

"ಸತ್ಯ."

"ಒಳ್ಳೇದು. ಸ್ವಲ್ಪ ನಿಧಾನಕ್ಕೆ ಬರುತ್ತೆ ಅದು. ಅಲ್ಲಿವರೆಗೆ ಕಥೆ ಬರೀತಿರಿ."

ಇಲ್ಲಿ ಒಂದು ಕಟ್ಟುಪಾಡಿದೆ. ಬರೆದವರು ತಮ್ಮದನ್ನು ತಾವು ಓದುವಂತಿಲ್ಲ, ಇನ್ನೊಬ್ಬರು ಓದಬೇಕು. ಓದಿದ ಮೇಲೆ ಉಳಿದವರು ಮಾತಾಡಿ ಮುಗಿಸುವ ತನಕ ಬರೆದವರು ತುಟಿ ಬಿಚ್ಚಕೂಡದು. "ಬೇರೆಯವರ ನಾಲಿಗೆ ಎಲ್ಲಿ ಎಡವುತ್ತೋ ಅಲ್ಲಿ ನಿಮ್ಮ ವಾಕ್ಯ ಸರಿಯಿಲ್ಲ ಅಂತ ಲೆಕ್ಕ" ಎಂದರು ಮೇಷ್ಟ್ರು. ಇದು ನನಗೆ ಒಪ್ಪಿಗೆಯಾಯಿತು. ಕೋಟು ಸರಿಯಾಗಿದೆಯೋ ಇಲ್ಲವೋ ಎಂದು ತೊಟ್ಟವರ ತೋಳು ಹೇಳಬೇಕು, ಹೊಲಿದವರ ಬಾಯಲ್ಲ.

ಏಳೆಂಟು ಜನ ಬರುತ್ತಾರೆ. ಬಾಯಿರುವವರು ಇಬ್ಬರು. ಒಬ್ಬರು ನಿವೃತ್ತ ಬಸ್ ಕಂಡಕ್ಟರು, ಪದ್ಯ ಬರೆಯುತ್ತಾರೆ. ಇನ್ನೊಬ್ಬರು ಹಲ್ಲಿನ ಡಾಕ್ಟರಮ್ಮ, ಕೊಲೆಯ ಕಥೆ ಬರೆಯುತ್ತಾರೆ. ಕೊಲೆಯಾದವರಿಗೂ ನೋವಾಗದ ಹಾಗೆ ಬರೆಯುತ್ತಾರಂತೆ.

ಸೊಸೆ ತನ್ನದು ಇನ್ನೂ ಮುಗಿದಿಲ್ಲ ಎಂದು ಮೇಷ್ಟ್ರಿಗೆ ಹೇಳಿ ಚೀಲವನ್ನು ಕುರ್ಚಿಯ ಕೆಳಗೆ ತಳ್ಳಿದಳು. ಚೀಲದ ಬಾಯಿಂದ ಕಾಲರಿನ ಮೊನೆ ಕಾಣುತ್ತಿತ್ತು.

ಜೂನ್ 14, ಶನಿವಾರ

ಕಂಡಕ್ಟರ ಪದ್ಯವನ್ನು ಡಾಕ್ಟರಮ್ಮ ಓದಿದರು. ಓದಿ ಮುಗಿಸಿ ಎಲ್ಲರೂ ಮಾತಾಡಿದ ಮೇಲೆ ಕಂಡಕ್ಟರು ಗಂಟಲು ಸರಿಮಾಡಿಕೊಂಡರು. "ಡಾಕ್ಟ್ರೇ, ಮೂರನೇ ಸಾಲಲ್ಲಿ ನನ್ನದೊಂದು ಬೈಗುಳ ಇತ್ತು. ಎಲ್ಲಿ ಇಳೀತು?"

"ಅದು ಬೇಕಿರಲಿಲ್ಲ ಅನ್ನಿಸಿತು" ಎಂದರು ಆಕೆ ಮೆಲ್ಲಗೆ.

"ಟಿಕೆಟ್ ತಗೊಂಡಿತ್ತು ಡಾಕ್ಟ್ರೇ."

ಆಕೆಯ ಅಭ್ಯಾಸವೇ ಹಾಗಂತೆ. ಚುಚ್ಚುವುದು ಏನಾದರೂ ಬಂದರೆ ಹಾರಿಸಿಕೊಂಡು ಹೋಗುತ್ತಾರೆ. ಮೇಷ್ಟ್ರು ಎಷ್ಟೋ ಸಲ ಹೇಳಿದ್ದಾರೆ.

ಆಮೇಲೆ ಸೊಸೆಯದು. ಹೊಸ ಬಿಳಿ ಹಾಳೆ, ನೆಟ್ಟಗಿನ ಸಾಲುಗಳು. ಒಂದು ಬೆಕ್ಕು ಕಿಟಕಿಯಲ್ಲಿ ಕೂತು ಚಂದ್ರನನ್ನು ನೋಡುತ್ತದೆ. ನೋಡುತ್ತದೆ, ಅಷ್ಟೆ. ಆಕ್ಷೇಪಣೆಯ ಎರಡು ಪುಟ ಬರೆದುಕೊಂಡು ಹೋಗಿದ್ದೆ, ಮಡಿಸಿ ಒಳಗಿಟ್ಟೆ. ನಮ್ಮ ಮನೆಯಲ್ಲಿ ಬೆಕ್ಕು ಇಲ್ಲ.

ಜೂನ್ 21, ಶನಿವಾರ

ಇವತ್ತು ನನ್ನದು. ಕೈಗಳ ಬಗ್ಗೆ ಬರೆದು ತನ್ನಿ ಎಂದಿದ್ದರು. ಒಂಬತ್ತು ಸಾಲು ಬರೆದಿದ್ದೆ: ಕೈ ಶುಚಿಯಾಗಿರಬೇಕು, ಉಗುರು ಗಿಡ್ಡವಾಗಿರಬೇಕು, ಕೆಲಸದ ಹೊತ್ತಿನಲ್ಲಿ ಕೈ ಖಾಲಿ ಇರಕೂಡದು. ಕಂಡಕ್ಟರು ಓದಿದರು. ಓದಿ, ಹಾಳೆ ಇಳಿಸಿ, "ಇದನ್ನ ಬಸ್ಸಿನೊಳಗೆ ಅಂಟಿಸಬಹುದು" ಎಂದರು. ಡಾಕ್ಟರಮ್ಮ "ಸ್ವಲ್ಪ ಬಿಗಿ ಇದೆ, ಆದರೆ ತುಂಬಾ ಶುಭ್ರವಾಗಿದೆ" ಎಂದರು. ಮೇಷ್ಟ್ರು, "ಕೈಗಳ ಬಗ್ಗೆ ಅಂದೆ ಅಮ್ಮ. ಇಲ್ಲಿ ಕಾನೂನು ಇದೆ, ಕೈ ಎಲ್ಲಿ?" ಎಂದರು.

ಮೂರು ಸಲ ಬಾಯಿ ತೆರೆದೆ. ಮೂರು ಸಲ ಮೇಷ್ಟ್ರು ಪೆನ್ಸಿಲ್ ಎತ್ತಿ ತೋರಿಸಿದರು. ಬದುಕಿರುವ ತನಕ ನನ್ನ ಗಂಡನಿಗೂ ಸಾಧ್ಯವಾಗದ ಕೆಲಸ ಅದು. ಕೊನೆಗೆ ಮಾತಾಡಬಹುದು ಎಂದಾಗ ಹನ್ನೊಂದು ನಿಮಿಷ ಮಾತಾಡಿದೆ. ಗೋಡೆಯ ಗಡಿಯಾರ ನೋಡಿಕೊಂಡೇ ಮಾತಾಡಿದೆ.

ವಾಪಸು ಬರುವಾಗ ಸೊಸೆಗೆ ಕೆಮ್ಮು. ಮನೆಯ ಬಾಗಿಲವರೆಗೂ ಕರ್ಚೀಫನ್ನು ಬಾಯಿಗೆ ಒತ್ತಿಕೊಂಡು ಕೆಮ್ಮಿದಳು. ಹೆಗಲು ಕುಣಿಯುವಂಥ ಕೆಮ್ಮು.

ಜೂನ್ 24, ಮಂಗಳವಾರ

ಒಂಬತ್ತು ಸಾಲನ್ನು ಮತ್ತೆ ಬರೆದೆ. ಕಾನೂನು ತೆಗೆದರೆ ಎರಡು ಸಾಲು ಉಳಿಯಿತು. ಹದಿನೇಳನೆಯ ವಯಸ್ಸಿನಲ್ಲಿ ಮಷೀನಿನ ಸೂಜಿ ಉಗುರಿನೊಳಗೆ ಹೊಕ್ಕದ್ದು, ರಕ್ತ ಬಟ್ಟೆಗೆ ತಾಗದಿರಲಿ ಎಂದು ಮೊದಲು ಬಟ್ಟೆಯನ್ನು ಪಕ್ಕಕ್ಕೆ ಸರಿಸಿದ್ದು ನೆನಪಾಯಿತು, ಹಾಕಿದೆ. ಎರಡು ಪುಟವಾಯಿತು. ಈ ಕೆಲಸಕ್ಕೆ ಅಳತೆ ಎಂಬುದೇ ಇಲ್ಲ.

ಅನ್ನಕ್ಕಿಟ್ಟ ನೀರು ಇಂಗಿಹೋಗಿ ಪಾತ್ರೆ ಸೀದಿತು. ಸೊಸೆ ಬೇರೆ ಅನ್ನಕ್ಕಿಟ್ಟಳು. ಪಾತ್ರೆ ಉಜ್ಜಿಟ್ಟಳು.

ಜೂನ್ 28, ಶನಿವಾರ

ಸೊಸೆಯ ಬೆಕ್ಕು ಮತ್ತೆ ಬಂತು. ಇವತ್ತು ಚಂದ್ರನಿಲ್ಲ, ಮಳೆ.

ನಾನು ಓದಬೇಕಾಯಿತು. ಓದುತ್ತ ಓದುತ್ತ ನನಗೇ ಆಕಳಿಕೆ ಬಂತು; ತಡೆದುಕೊಂಡೆ. ಕಂಡಕ್ಟರು, "ಬಸ್ಸು ಚೆನ್ನಾಗಿ ತೊಳೆದಿದ್ದಾರೆ, ಆದರೆ ಡಿಪೋ ಬಿಟ್ಟು ಹೊರಟಿಲ್ಲ" ಎಂದರು. ಮೇಷ್ಟ್ರು ಪೆನ್ಸಿಲನ್ನು ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟರು. "ಏಪ್ರಿಲ್‌ನಲ್ಲಿ ನೀವು ಬರೀತಿದ್ದದ್ದು ಹೀಗಿರಲಿಲ್ಲ. ಇದು ಯಾರಿಗೋ ಹೆದರಿಕೊಂಡು ಬರೆದದ್ದು. ಇದನ್ನ ನಾನು ತಿದ್ದಲಾರೆ."

ಬರೆದವರು ಬಾಯಿ ಬಿಡುವಂತಿಲ್ಲ. ಸೊಸೆ ನೆಲ ನೋಡುತ್ತಿದ್ದಳು. ಕೋಣೆಯಲ್ಲಿ ಯಾರೂ ನನ್ನ ಕಡೆ ನೋಡಲಿಲ್ಲ. ಎಷ್ಟು ಶ್ರಮಪಟ್ಟು ನೋಡಲಿಲ್ಲವೆಂದರೆ ನನಗೆ ಕಿವಿ ಬಿಸಿಯಾಯಿತು.

ನಮ್ಮ ಅಂಗಡಿಯಿಂದ ಇಷ್ಟು ವರ್ಷದಲ್ಲಿ ಒಂದು ಸಡಿಲ ಹೊಲಿಗೆ ಹೊರಗೆ ಹೋಗಿಲ್ಲ. ಇವಳು ನಮ್ಮ ಅಂಗಡಿಯವಳು. ಪರರ ಮುಂದೆ ಹೀಗೆ ತಲೆ ತಗ್ಗಿಸಿ ಕೂರುವುದೆಂದರೇನು? ಅದೂ ಇಲ್ಲದ ಬೆಕ್ಕಿನ ದೆಸೆಯಿಂದ.

ಜುಲೈ 5, ಶನಿವಾರ

ಕಠಿಣ ಮನುಷ್ಯರೊಬ್ಬರ ಬಗ್ಗೆ ಬರೆದು ತರಲು ಹೇಳಿದ್ದರು. ನಾನು ನನಗೆ ಹೊಲಿಗೆ ಕಲಿಸಿದ ಮುದುಕರ ಬಗ್ಗೆ ಬರೆದೆ. ಹೈಸ್ಕೂಲು ಮುಗಿದ ವಾರವೇ ಅವರ ಅಂಗಡಿಗೆ ಸೇರಿದ್ದೆ. ನಾನು ಹೊಲಿದದ್ದನ್ನು ಬೆಳಕಿಗೆ ಹಿಡಿದು, ತಿರುವಿ, ಹಲ್ಲಿನಿಂದ ದಾರ ಕಚ್ಚಿ ಎಳೆದು ಬಿಚ್ಚಿ, ಏನೂ ಹೇಳದೆ ನನ್ನ ಮಡಿಲಿಗೆ ಎಸೆಯುತ್ತಿದ್ದರು. ಬಿಚ್ಚದೆ ಗೂಟಕ್ಕೆ ತೂಗುಹಾಕಿದರೆ ಅದೇ ದೊಡ್ಡದು. ಎಂಟು ವರ್ಷ ಅವರ ಬಾಯಿಂದ ಒಂದು ಮಾತು ಬರಲಿ ಎಂದು ಕಾದೆ. ಬರಲಿಲ್ಲ. ಅವರು ತೀರಿಕೊಂಡ ಮೇಲೆ ಅವರ ಮಗ ಕತ್ತರಿ ತಂದುಕೊಟ್ಟ; ನಿಮಗೇ ಕೊಡಬೇಕು ಅಂತ ಹೇಳಿದ್ದರು ಎಂದ. ಆ ಮಾತನ್ನು ನನಗೆ ಹೇಳಬಹುದಿತ್ತಲ್ಲ ಎಂದು ಕತ್ತರಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ. ಅಷ್ಟೇ ಬರೆದದ್ದು.

ಚೀಟಿ ಎತ್ತಿದಾಗ ಓದುವ ಸರದಿ ಸೊಸೆಗೆ ಬಂತು. "ಎಂಟು ವರ್ಷ" ಎಂಬಲ್ಲಿ ಅವಳ ನಾಲಿಗೆ ಎಡವಿತು. ನಿಂತಳು. ಮತ್ತೆ ಅದೇ ಸಾಲನ್ನು ಮೊದಲಿಂದ ಓದಿದಳು. ಮತ್ತೆ ಎಡವಿದಳು.

ನಾಲಿಗೆ ಎಡವಿದ ಕಡೆ ವಾಕ್ಯ ಸರಿಯಿಲ್ಲ ಎಂದು ಲೆಕ್ಕವಾದ್ದರಿಂದ ನಾನು ಗುರುತು ಹಾಕಿಕೊಂಡೆ. ಮೇಷ್ಟ್ರು ಮಾತ್ರ, "ಅದನ್ನ ಮುಟ್ಟಬೇಡಿ ಅಮ್ಮ" ಎಂದರು. ಕಾರಣ ಹೇಳಲಿಲ್ಲ. ಹಾಗಾದರೆ ಅವಳ ಕಣ್ಣು ತೋರಿಸಬೇಕು. ಸಣ್ಣ ಅಕ್ಷರ ಕಾಣುತ್ತಿಲ್ಲವೆಂದು ತೋರುತ್ತದೆ.

ಜುಲೈ 9, ಬುಧವಾರ

ಸೊಸೆ ಬಟ್ಟೆ ತರಲು ಪೇಟೆಗೆ ಹೋಗಿದ್ದಳು. ಕಂತೆ ನೋಡಿದೆ. ಕದ್ದು ನೋಡಿದ್ದಲ್ಲ, ಪರಿಶೀಲನೆ. ಈಗ ಕಾಲರಿನ ಜೊತೆ ಎರಡು ತೋಳು, ಒಂದು ಬೆನ್ನು, ನಾಲ್ಕು ಜೇಬಿನ ಮಾದರಿಗಳೂ ತುಂಬಿವೆ. ಪೂರ್ತಿ ಕಥೆ. ನಿಂತೇ ಓದಿದೆ. ಗಿರಾಕಿ ಬಂದು ಬಾಗಿಲಲ್ಲಿ ಕೆಮ್ಮಿದ್ದೂ ತಿಳಿಯಲಿಲ್ಲ.

ತಪ್ಪುಗಳಿವೆ. ಸೂಜಿ ಚುಚ್ಚದಿರಲೆಂದು ತೊಡುವ ಬೆರಳುಟೋಪಿಯನ್ನು ಅತ್ತೆ ಉಂಗುರದ ಬೆರಳಿಗೆ ಹಾಕುತ್ತಾಳೆಂದು ಬರೆದಿದ್ದಾಳೆ, ಅದು ನಡುಬೆರಳಿಗೆ. ಒಂದು ಕಡೆ ಅತ್ತೆ ಬಾಗಿಲ ಮರೆಯಲ್ಲಿ ನಿಂತು, ಮೊದಲ ಸಲ ಶಾಲೆಗೆ ಹೊರಟ ಮಗುವಿಗೆ ಕೋಟು ಸರಿಯಾಗಿ ಕೂತಿತೇ ಎಂದು ಬೀದಿ ತಿರುಗುವವರೆಗೂ ನೋಡುತ್ತಾಳೆ. ಅದನ್ನು ಇವಳು ಯಾವಾಗ ನೋಡಿದಳು? ನಾನು ಅಂಗಡಿಯಲ್ಲಿ ಯಾರೂ ಇಲ್ಲವೆಂದುಕೊಂಡಿದ್ದೆ.

ಆ ಸಾಲು ಇನ್ನೂ ಅಲ್ಲಿಯೇ ಇದೆ. ಮೊದಲ ಸಲ ಓದಿದಾಗ ಕಂಡದ್ದಕ್ಕಿಂತ ಬೇರೆ ರೀತಿ ಕಂಡಿತು. ಮುಂದಿನದು ಹಿಂದಿನದು ಎಲ್ಲ ಅದರ ಮೇಲೆ ನಿಂತಿದೆ. ತೋಳು ಹೆಗಲಿಗೆ ಸೇರುವ ಕಡೆಯ ಹೊಲಿಗೆಯ ಹಾಗೆ. ಅದನ್ನು ಬಿಚ್ಚಿದರೆ ತೋಳು ಕೈಗೆ ಬರುತ್ತದೆ. ಇದು ಕೇವಲ ಕೆಲಸದ ದೃಷ್ಟಿಯಿಂದ ಹೇಳುತ್ತಿರುವುದು.

ಜುಲೈ 12, ಶನಿವಾರ

ಆಗಸ್ಟ್ ಒಂಬತ್ತಕ್ಕೆ ಲೈಬ್ರರಿಯ ಕೆಳಗಿನ ಹಾಲಿನಲ್ಲಿ ವಾಚನ. ಬೀದಿಯವರನ್ನೆಲ್ಲ ಕರೆಯುತ್ತಾರೆ. ಒಬ್ಬೊಬ್ಬರದು ಒಂದೊಂದು ಬರಹ, ಮೇಷ್ಟ್ರಿಗೆ ಒಂದು ವಾರ ಮುಂಚೆ ಕೊಡಬೇಕು. ನನ್ನ ಹೊಲಿಗೆಯ ಮುದುಕರನ್ನು ಕೊಡಿ ಎಂದರು, ಕೊಟ್ಟೆ. ಅದನ್ನು ಓದುವ ಚೀಟಿ ಕಂಡಕ್ಟರಿಗೆ ಬಂತು. ಸೊಸೆ, "ನಾನು ಬೆಕ್ಕಿನದು ಕೊಡ್ತೀನಿ" ಎಂದಳು.

"ಮಳೆಯಲ್ಲಿ ನೆನೆದದ್ದಾ, ಚಂದ್ರನ್ನ ನೋಡಿದ್ದಾ?" ಎಂದರು ಕಂಡಕ್ಟರು.

"ಯಾವುದಾದರೂ."

ಮೇಷ್ಟ್ರು ಪಟ್ಟಿಯಲ್ಲಿ ಬೆಕ್ಕು ಎಂದು ಬರೆದುಕೊಂಡರು. ಆ ಪದ ಬರೆಯಲು ಅವರು ತೆಗೆದುಕೊಂಡಷ್ಟು ಹೊತ್ತನ್ನು ನಾನು ಯಾವ ಪದಕ್ಕೂ ಕಂಡಿಲ್ಲ.

ಜುಲೈ 13, ಭಾನುವಾರ

ಬೆಳಗ್ಗೆ ಚಹಾ ಕುಡಿಯುವಾಗ ಹೇಳಿದೆ. "ಒಂಬತ್ತನೇ ತಾರೀಕು ನಾನು ಇರಲ್ಲ. ತಂಗಿಯ ಮನೆಗೆ ಹೋಗ್ತೀನಿ."

ಮಗ ಬ್ರೆಡ್ಡನ್ನು ಅರ್ಧಕ್ಕೆ ನಿಲ್ಲಿಸಿದ. "ಚಿಕ್ಕಮ್ಮನ ಜೊತೆ ನಿಮಗೆ ಮಾತಿಲ್ಲವಲ್ಲ."

"ಮಾತಾಡೋಕೆ ಹೋಗ್ತಿಲ್ಲ. ನೋಡೋಕೆ."

"ಅತ್ತೆ, ಅವತ್ತು ನಿಮ್ಮದು ಓದ್ತಾರೆ" ಎಂದಳು ಸೊಸೆ.

"ಓದೋದು ಕಂಡಕ್ಟರು. ನಾನು ಬಾಯಿ ಮುಚ್ಚಿಕೊಂಡು ಕೂರಬೇಕು. ಹಾಗೆ ಎಲ್ಲಿ ಬೇಕಾದ್ರೂ ಕೂರಬಹುದು. ಆ ಕುರ್ಚಿಗಳು ನನ್ನ ಸೊಂಟಕ್ಕೆ ಆಗಲ್ಲ." ಆಮೇಲೆ ಲೋಟ ತೊಳೆಯುತ್ತ, ಅವಳ ಕಡೆ ನೋಡದೆ ಅಂದೆ: "ನಾನಿಲ್ಲದ ದಿನ ಯಾರು ಏನು ಓದಿದರು, ಯಾಕೆ ಓದಿದರು ಅಂತ ಬಂದ ಮೇಲೂ ಕೇಳಲ್ಲ."

ಕುರ್ಚಿಗಳ ವಿಷಯ ನಿಜವೇ. ಸೊಂಟಕ್ಕೆ ಆಗುವುದಿಲ್ಲ.

ಜುಲೈ 23, ಬುಧವಾರ

ಸೊಸೆ ಮಷೀನಿನ ಮುಂದೆ ಕೂತು ಹೊಲಿಯದೆ ಬರೆಯುತ್ತಿದ್ದಳು. ಶಾಲೆಯ ಹನ್ನೆರಡು ಕೋಟುಗಳಿಗೆ ಗುಂಡಿ ಆಗಬೇಕಿತ್ತು. ನಾನು ಹಾಕಿದೆ. ಅವಳು ತಲೆ ಎತ್ತಿ, "ಅಯ್ಯೋ, ಕೊಡಿ ಅತ್ತೆ" ಎಂದಳು. "ನಿನ್ನ ಕೆಲಸ ನೋಡ್ಕೋ" ಎಂದೆ. ಗದರಿದ ಹಾಗೆಯೇ ಬಂತು ಮಾತು.

ಆಗಸ್ಟ್ 2, ಶನಿವಾರ

ಸೊಸೆ ಮೇಷ್ಟ್ರಿಗೆ ಒಂದು ಲಕೋಟೆ ಕೊಟ್ಟಳು. ಬೆಕ್ಕಿಗೆ ಅಷ್ಟು ದಪ್ಪ ಲಕೋಟೆ ಬೇಡ. ಮೇಷ್ಟ್ರು ಇಣುಕಿ ನೋಡಿದರು, ಪಟ್ಟಿಯಲ್ಲಿ ಏನೋ ಹೊಡೆದುಹಾಕಿದರು, ಬೇರೇನೋ ಬರೆದರು. ಈ ಸಲ ಬೇಗ ಬರೆದರು. ಓದುವ ಸರದಿ ಡಾಕ್ಟರಮ್ಮನಿಗೆ ಬಂತು. ಅದೊಂದು ಸರಿ ಕಾಣಲಿಲ್ಲ ನನಗೆ. ಆದರೆ ನಾನು ಊರಲ್ಲೇ ಇರುವುದಿಲ್ಲವಲ್ಲ, ಯಾರು ಓದಿದರೇನು.

ಆಗಸ್ಟ್ 9, ಶನಿವಾರ

ಕ್ರಮವಾಗಿ ಬರೆಯುತ್ತೇನೆ.

ಊಟ ಮುಗಿಸಿ ಚೀಲ ಹಿಡಿದು ಹೊರಟೆ. ಮಗ ಬಸ್ಸು ಹತ್ತಿಸಿದ. ಎರಡನೆಯ ನಿಲ್ದಾಣದಲ್ಲಿ ಇಳಿದೆ. ತಂಗಿಯನ್ನು ನೋಡುವ ಮನಸ್ಸು ಹೋಯಿತು. ಮನಸ್ಸು ಎಂದ ಮೇಲೆ ಹೋಗುತ್ತದೆ ಬರುತ್ತದೆ. ಉದ್ಯಾನದ ಬೆಂಚಿನಲ್ಲಿ ನಾಲ್ಕರವರೆಗೆ ಕೂತಿದ್ದು, ಎಲ್ಲರೂ ಒಳಗೆ ಹೋದ ಮೇಲೆ ಲೈಬ್ರರಿಗೆ ಹೋಗಿ ಪತ್ರಿಕೆ ಸ್ಟ್ಯಾಂಡಿನ ಹಿಂದೆ ಕೊನೆಯ ಕುರ್ಚಿಯಲ್ಲಿ ಕೂತೆ. ಮುಂದೆ ಒಂದು ಪತ್ರಿಕೆ ಹಿಡಿದುಕೊಂಡೆ.

ಹಾಲ್ ತುಂಬಿತ್ತು. ಔಷಧಿ ಅಂಗಡಿಯವನ ಹೆಂಡತಿ, ಶಾಲೆಯ ಟೀಚರುಗಳು, ನನ್ನಿಂದ ಕೋಟು ಹೊಲಿಸಿಕೊಂಡವರ ಬೆನ್ನುಗಳ ಸಾಲು. ಹಿಂದಿನಿಂದ ನೋಡಿದರೂ ಯಾವುದು ನಮ್ಮ ಅಂಗಡಿಯದು ಎಂದು ಹೇಳಬಲ್ಲೆ.

ಮೊದಲು ನನ್ನದು. ಮುದುಕರು ದಾರ ಕಚ್ಚುವಲ್ಲಿ ಜನ ನಕ್ಕರು. ನಗಲಿ ಎಂದು ಬರೆದದ್ದಲ್ಲ ಅದು. ಆದರೆ ಕೇಳಲು ಹಿತವಾಗಿತ್ತು. ಕತ್ತರಿಯ ಹೊತ್ತಿಗೆ ಯಾರೂ ಕುರ್ಚಿ ಕಿರುಗುಟ್ಟಿಸಲಿಲ್ಲ.

ಆಮೇಲೆ ಡಾಕ್ಟರಮ್ಮ ಎದ್ದು ಸೊಸೆಯ ಕಥೆ ತೆಗೆದರು. ಸೊಸೆ ಮುಂದಿನ ಸಾಲಿನಲ್ಲಿ, ಬೆನ್ನು ನೆಟ್ಟಗೆ, ಕೈ ಮಡಿಲಲ್ಲಿ. ಗುಂಡುಸೂಜಿ ಬಂದ ಕೂಡಲೇ ಹಾಲಿನಲ್ಲಿ ಒಬ್ಬರ ಮೊಣಕೈ ಒಬ್ಬರಿಗೆ ತಾಗಿತು. ಬೆರಳುಟೋಪಿ ಇನ್ನೂ ತಪ್ಪು ಬೆರಳಿನಲ್ಲೇ ಇತ್ತು. ಬಾಗಿಲ ಮರೆ ಬಂತು, ಶಾಲೆಯ ಮಗು ಬಂತು. ಆ ಸಾಲಿನ ಹಿಂದಿನ ಸಾಲು ಬಂತು. ನಾನು ಪತ್ರಿಕೆಯನ್ನು ಬಿಗಿಯಾಗಿ ಹಿಡಿದುಕೊಂಡೆ. ಡಾಕ್ಟರಮ್ಮ ಉಸಿರೆಳೆದುಕೊಂಡು ನೇರವಾಗಿ ಮುಂದಿನ ಪ್ಯಾರಾಕ್ಕೆ ಹೋದರು.

ಎದ್ದು ನಿಂತೆ. ಕುರ್ಚಿ ಕಿರುಗುಟ್ಟಿತು.

"ಡಾಕ್ಟ್ರೇ, ಒಂದು ಸಾಲು ಬಿಟ್ರಿ."

ಬೆನ್ನುಗಳೆಲ್ಲ ಮುಖಗಳಾದವು. ಸೊಸೆ ತಿರುಗಿದಳು. ಬಾಗಿಲ ಹತ್ತಿರ ನಿಂತಿದ್ದ ಮಗ ಗೋಡೆಯ ಕಡೆ ಮುಖ ಮಾಡಿದ.

"ಇಲ್ಲಮ್ಮ, ಇಲ್ಲಿರೋದು ಇಷ್ಟೇ" ಎಂದರು ಡಾಕ್ಟರಮ್ಮ.

"ಇದೆ. ನನಗೆ ಬೇಜಾರಾಗುತ್ತೆ ಅಂತ ಹಾರಿಸಿದ್ರಿ. ನಿಮ್ಮ ದಾಕ್ಷಿಣ್ಯಕ್ಕೆ ಅವಳ ಕಥೆ ಯಾಕೆ ಹಾಳಾಗಬೇಕು? ಅದಿಲ್ಲದೆ ಮುಂದಿನದು ನಿಲ್ಲಲ್ಲ."

"ನಿಜವಾಗಲೂ ಇಲ್ಲ" ಎಂದು ಆಕೆ ಹಾಳೆಯನ್ನು ತಿರುಗಿಸಿ ತೋರಿಸಿದರು, ಅಷ್ಟು ದೂರದಿಂದ ನನಗೆ ಕಾಣುವ ಹಾಗೆ.

"ಹಾಗಾದ್ರೆ ನಾನೇ ಹೇಳ್ತೀನಿ" ಎಂದು, ಹೇಳಿದೆ. ಹನ್ನೊಂದು ವರ್ಷದಿಂದ ಹಿಡಿದು ಅಂಚಿನವರೆಗೆ, ಒಂದಕ್ಷರ ಬಿಡದೆ. ಗಟ್ಟಿಯಾಗಿಯೇ ಹೇಳಿದೆ, ಹೇಳುವಾಗ ನಾಲಿಗೆ ಎಲ್ಲೂ ಎಡವಲಿಲ್ಲ.

ಮೊದಲು ನಕ್ಕದ್ದು ಕಂಡಕ್ಟರು. "ನೋಡೇ ನೋಡ್ತಾರೆ" ಎಂದಳು ಔಷಧಿ ಅಂಗಡಿಯವನ ಹೆಂಡತಿ. ಆಮೇಲೆ ಇಡೀ ಹಾಲ್ ನಕ್ಕಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, "ಹಾಳೆಯಲ್ಲಿ ಇಲ್ಲ. ಆದರೆ ಇರಬೇಕಾದ್ದು. ಡಾಕ್ಟ್ರೇ, ಅಲ್ಲಿಂದ ಮುಂದುವರಿಸಿ" ಎಂದರು. ನಾನು ಕೂತೆ. ಸೊಸೆ ಮಾತ್ರ ನಕ್ಕಿರಲಿಲ್ಲ. ತಿರುಗಿ ಕೂತವಳು ನನ್ನನ್ನೇ ನೋಡುತ್ತಿದ್ದಳು.

ಮುಗಿದ ಮೇಲೆ ಮಗ ಕುರ್ಚಿ ಮಡಿಸುವ ನೆಪದಲ್ಲಿ ಅಲ್ಲೇ ಉಳಿದ. ಜಾಣ. ನಾವಿಬ್ಬರೇ ಹೊರಟೆವು. ನನ್ನ ಚೀಲವನ್ನು ಅವಳು ತೆಗೆದುಕೊಂಡಳು.

"ಅದನ್ನ ಡಾಕ್ಟ್ರು ಬಿಡಲಿಲ್ಲ ಅತ್ತೆ" ಎಂದಳು. "ನಾನೇ ತೆಗೆದಿದ್ದೆ."

ನನಗೆ ನಡಿಗೆ ತಪ್ಪಿತು. "ಯಾಕೆ ತೆಗೆದೆ?"

"ಈಗ ಹಾಗೆ ಅನ್ನಿಸ್ತಿಲ್ಲ."

"ಅನ್ನಿಸಿದಾಗ ಬರೆದದ್ದು ತಾನೇ? ಆಗ ನಿಜ ಇತ್ತಲ್ಲ?"

"ಇತ್ತು."

"ಮತ್ತೆ ಹಾಕು. ತೆಗೆದ ಕಡೆ ಸೂಜಿಯ ತೂತು ಕಾಣ್ತಿದೆ."

ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. "ಯಾವಾಗ ಓದಿದ್ರಿ?" ಎಂದಳು.

"ಜೂನ್‌ನಲ್ಲಿ. ಕಾಲರ್ ಹುಡುಕ್ತಾ ಇದ್ದೆ."

"ಎರಡು ತಿಂಗಳು ಸುಮ್ಮನಿದ್ರಾ? ನೀವು?"

"ನಿನ್ನ ಬೆರಳುಟೋಪಿ ತಪ್ಪು ಬೆರಳಲ್ಲಿದೆ. ಅದನ್ನೂ ಎರಡು ತಿಂಗಳು ತಡ್ಕೊಂಡಿದ್ದೀನಿ."

ಜೂನಿನ ಆ ಕೆಮ್ಮು ಅವಳಿಗೆ ಮತ್ತೆ ಬಂತು. ಈ ಸಲ ಕರ್ಚೀಫು ಹುಡುಕಲಿಲ್ಲ. ನಮ್ಮ ಬೀದಿ ತಿರುಗುವಾಗ ಕೇಳಿದಳು, ತಮಾಷೆಗೋ ನಿಜಕ್ಕೋ ತಿಳಿಯದ ಹಾಗೆ: "ಅವತ್ತು ನಿಜವಾಗಲೂ ನೋಡ್ತೀರಾ ಅತ್ತೆ? ನನ್ನ ಅಂಚು?"

"ನನಗಿಂತ ಮುಂಚೆ ನೀನು ಹೋಗೋ ಹಾಗೇ ಇಲ್ಲ" ಎಂದೆ. "ನನ್ನ ಮೇಲೆ ಹೊದಿಸೋದನ್ನ ನೀನೇ ಹೊಲೀಬೇಕು. ಪೇಟೆಯಿಂದ ಯಾರದೋ ತಂದು ಹಾಕ್ಬೇಡಿ. ಬೇರೆಯವರ ಹೊಲಿಗೆ ಹೊದ್ಕೊಂಡು ನನಗೆ ಮಲಗೋಕಾಗಲ್ಲ."

ಅವಳು ನಿಂತುಬಿಟ್ಟಳು. ಚೀಲವನ್ನು ಎದೆಗೆ ಅವಚಿಕೊಂಡು ಅತ್ತಳು. ಬೀದಿಯಲ್ಲಿ, ಔಷಧಿ ಅಂಗಡಿಯ ಎದುರಿಗೇ, ಹೋಗುವವರು ಬರುವವರು ನೋಡುವ ಹಾಗೆ. ಒಂದು ಕೆಲಸ ಒಪ್ಪಿಸಿದ್ದಕ್ಕೆ ಅಳುವಂಥದ್ದೇನಿತ್ತೋ ನನಗೆ ತಿಳಿಯಲಿಲ್ಲ. ಅಷ್ಟು ಚೆನ್ನಾಗಿ ಬರೆಯುವವಳಿಗೆ ಒಂದು ಸಾದಾ ಮಾತು ಅರ್ಥವಾಗುವುದಿಲ್ಲ.